ಮಡುವಿನಲ್ಲಿ ಏನಿದೆ?

ಮೊನ್ನೆ ನನ್ನ ಇಂಜಿನಿಯರಿಂಗ್ ಕ್ಲಾಸ್‌ಮೇಟ್ ಒಬ್ಬ ಆಸ್ಟ್ರೇಲಿಯಾದಿಂದ ಒಂದು ವಿಡಿಯೋ ಕಳಿಸಿದ. ಮದ್ದೂರು ಕಡೆಯ ಹುಡುಗ, ಈಗ ಅಡಿಲೇಡ್‌ನಲ್ಲಿದ್ದಾನೆ. ವಿಡಿಯೋದಲ್ಲಿ ಅವನ ಐದು ವರ್ಷದ ಮಗಳು ಒಂದು ಜಾಲರಿ ಮುಂದೆ ನಿಂತಿದ್ದಾಳೆ. ಒಳಗೆ ಗುಹೆ, ಗುಹೆಯಲ್ಲಿ ನೀರು. ಅಪ್ಪ ನಾಣ್ಯ ಹಾಕ್ತಾನೆ. ನೀರಿನಿಂದ ಒಂದು ವಿಕಾರವಾದ ಪ್ರಾಣಿ ಮೇಲೆದ್ದು ಗರ್ಜಿಸುತ್ತೆ, ಮತ್ತೆ ಮುಳುಗುತ್ತೆ. ಹುಡುಗಿ ಅಪ್ಪನ ಪ್ಯಾಂಟ್ ಹಿಡಿದುಕೊಂಡು ಕಿರುಚ್ತಾಳೆ, ಆಮೇಲೆ ಇನ್ನೊಂದ್ಸಲ ಹಾಕು ಅಂತ ಹಟ ಮಾಡ್ತಾಳೆ.

ಏನ್ಲಾ ಇದು ಅಂತ ಕೇಳಿದೆ. "ಬನ್ಯಿಪ್ ಅಂತ ಮಗಾ. ನಮ್ಮಜ್ಜಿ ಹೊಳೆ ಒಳಗೆ ಐತೆ ಅಂತ ಹೆದರಿಸ್ತಿದ್ಲಲ್ಲ, ಅದೇ" ಅಂದ.

ಆ ಊರಿನ ಹೆಸರು ಮರ್ರೆ ಬ್ರಿಡ್ಜ್. ಆಸ್ಟ್ರೇಲಿಯಾದ ದೊಡ್ಡ ನದಿ ಮರ್ರೆಯ ದಂಡೆಯ ಮೇಲಿದೆ. 1972ರಿಂದ ಈ ಯಂತ್ರದ ಪ್ರಾಣಿ ಅಲ್ಲಿ ಮಕ್ಕಳನ್ನು ಹೆದರಿಸ್ತಾ ಇದೆ. ಅಂದಹಾಗೆ ಮರ್ರೆ ನೀರಿಗೂ ಅಲ್ಲಿನ ರಾಜ್ಯಗಳು ನಮ್ಮ ಹಾಗೇ ಕಿತ್ತಾಡ್ತವೆ, ಅಡಿಲೇಡ್ ಇರೋದು ನದಿಯ ಕೊನೆಯಲ್ಲಿ. ಅಂದರೆ ನಮ್ಮ ಮದ್ದೂರಿನ ಹುಡುಗ ಈಗ ಅಲ್ಲಿ ಹೋಗಿ ತಮಿಳುನಾಡಿನ ಜಾಗದಲ್ಲಿ ಕೂತಿದ್ದಾನೆ. ಅದು ಬೇರೆ ವಿಷಯ ಬಿಡಿ.

ಬನ್ಯಿಪ್ ಅಂದ್ರೆ ಏನು? ಆಸ್ಟ್ರೇಲಿಯಾದ ಮೂಲನಿವಾಸಿಗಳ ಕಥೆಗಳಲ್ಲಿ ಬರುವ ನೀರಿನ ಪ್ರಾಣಿ. ಹೊಳೆಯ ಆಳ, ಜೌಗು, ಕೆರೆ, ಹೊಂಡ ಅದರ ಮನೆ. ಹತ್ತಿರ ಹೋದವರನ್ನು ಒಳಗೆಳೆದುಕೊಳ್ಳುತ್ತೆ. ಪದ ಬಂದಿದ್ದು ಈಗಿನ ವಿಕ್ಟೋರಿಯಾ ರಾಜ್ಯದ ವಾಯವ್ಯ ಭಾಗದ ವೆಂಬಾ ವೆಂಬಾ ಜನರ ಭಾಷೆಯಿಂದ. ಬಿಳಿಯರು ಹೋಗುವ ಹೊತ್ತಿಗೆ ಆ ಖಂಡದಲ್ಲಿ ಸುಮಾರು 250 ಭಾಷೆಗಳಿದ್ದವು, ಹಾಗಾಗಿ ಇಂಥ ಜೀವಿಗೆ ಕಡೆಕಡೆಗೆ ಬೇರೆ ಬೇರೆ ಹೆಸರು. ರೂಪವೂ ಒಂದೇ ಅಲ್ಲ. 1845ರಲ್ಲಿ ಜಿಲಾಂಗ್ ಊರಿನ ಪತ್ರಿಕೆಯೊಂದು ಇದರ ಬಗ್ಗೆ ಬರೆದಾಗ ಅರ್ಧ ಪಕ್ಷಿ, ಅರ್ಧ ಮೊಸಳೆ ಅಂತ ವರ್ಣಿಸಿತು. ಇನ್ನು ಕೆಲವರು ನಾಯಿ ಮುಖ ಅಂದರು.

ಇಂಥ ಬೆರಕೆ ಪ್ರಾಣಿ ನಮಗೇನೂ ಹೊಸದಲ್ಲ. ನಮ್ಮ ಜಿಲ್ಲೆಯ ಹೊಸಹೊಳಲಿಗೆ ಹೋಗಿ, ಲಕ್ಷ್ಮೀನಾರಾಯಣ ಗುಡಿಯ ಗೋಡೆಯ ಬುಡದ ಪಟ್ಟಿಕೆಗಳನ್ನು ಕೆಳಗಿನಿಂದ ನೋಡ್ತಾ ಬನ್ನಿ. ಆನೆ, ಕುದುರೆ, ಬಳ್ಳಿ, ಪುರಾಣದ ಕಥೆ, ಆಮೇಲೆ ಮಕರ, ಅದರ ಮೇಲೆ ಹಂಸ. ಮಕರಕ್ಕೆ ಮೊಸಳೆಯ ದವಡೆ, ಆನೆಯ ಸೊಂಡಿಲು, ಹಿಂದೆ ನವಿಲಿನ ಹಾಗೆ ಹರಡಿದ ಬಾಲ. ಗಂಗೆಯ ವಾಹನ ಅದು, ವರುಣನ ವಾಹನವೂ ಅದೇ. ಹದಿಮೂರನೇ ಶತಮಾನದ ಶಿಲ್ಪಿಗೆ ನೀರನ್ನು ಒಂದು ಪ್ರಾಣಿಯಾಗಿ ಕೆತ್ತು ಅಂದಾಗ ಮೀನು ಕೆತ್ತಲಿಲ್ಲ ನೋಡಿ, ಬಾಯಿ ತೆರೆದುಕೊಂಡಿರೋದನ್ನ ಕೆತ್ತಿದ.

ಈಗ ಆಸ್ಟ್ರೇಲಿಯಾಕ್ಕೆ ವಾಪಸ್ ಹೋಗೋಣ. ಬಿಳಿಯರಿಗೆ ಈ ಕಥೆ ಕೇಳಿದ ಕೂಡಲೇ ಒಂದೇ ಪ್ರಶ್ನೆ ಹುಟ್ಟಿತು. ಪ್ರಾಣಿ ಎಲ್ಲಿ? ಅವರ ಕಾಲವೇ ಹಾಗಿತ್ತು. ಕಾಂಗರೂ, ಪ್ಲ್ಯಾಟಿಪಸ್ ಎಲ್ಲ ನೋಡಿ ತಲೆ ಕೆಟ್ಟಿದ್ದ ಜನ, ಇದೂ ಇರಬಹುದು ಅಂದುಕೊಂಡರು. 1846ರಲ್ಲಿ ಮರ್ರಂಬಿಜಿ ನದಿಯ ದಂಡೆಯಲ್ಲಿ ಒಂದು ವಿಚಿತ್ರ ತಲೆಬುರುಡೆ ಸಿಕ್ಕಿತು. ಮರುವರ್ಷ ಅದನ್ನು ಸಿಡ್ನಿಯ ಮ್ಯೂಸಿಯಂನಲ್ಲಿ ಎರಡು ದಿನ ಪ್ರದರ್ಶನಕ್ಕಿಟ್ಟರು. ಜನ ಮುಗಿಬಿದ್ದರು. ಬುರುಡೆ ನೋಡಿ ಹೊರಗೆ ಬಂದವರೆಲ್ಲ ನಾನೂ ಬನ್ಯಿಪ್ ನೋಡಿದ್ದೆ, ನಾನೂ ನೋಡಿದ್ದೆ ಅನ್ನೋಕೆ ಶುರು ಮಾಡಿದರು. ಕೊನೆಗೆ ತಜ್ಞರು ಪರೀಕ್ಷೆ ಮಾಡಿ ಹೇಳಿದ್ದೇನು? ಇದು ಅಂಗವಿಕಲವಾಗಿ ಹುಟ್ಟಿದ ಕುದುರೆ ಮರಿಯದ್ದೋ ಕರುವಿನದ್ದೋ ಬುರುಡೆ ಅಂತ.

ಅಲ್ಲಿಗೆ ನಗೆಪಾಟಲಾಯಿತು. ಬನ್ಯಿಪ್ ಅನ್ನೋ ಪದಕ್ಕೆ ಆಸ್ಟ್ರೇಲಿಯಾದ ಇಂಗ್ಲಿಷ್‌ನಲ್ಲಿ ಮೋಸಗಾರ, ಡೋಂಗಿ ಅನ್ನೋ ಅರ್ಥವೇ ಬಂದುಬಿಟ್ಟಿತು. 1853ರಲ್ಲಿ ಅಲ್ಲಿ ಕೆಲವರು ತಮಗೆ ಇಂಗ್ಲೆಂಡಿನ ಥರ ವಂಶಪಾರಂಪರ್ಯ ಪದವಿ ಬೇಕು ಅಂದಾಗ, ಡೇನಿಯಲ್ ಡೆನಿಹಿ ಎಂಬ ಭಾಷಣಕಾರ ಅವರನ್ನು ಬನ್ಯಿಪ್ ಶ್ರೀಮಂತರು ಅಂತ ಹಂಗಿಸಿದ. ಆ ಬೈಗುಳ ಇವತ್ತಿಗೂ ಅಲ್ಲಿನ ರಾಜಕೀಯದಲ್ಲಿ ಚಾಲ್ತಿಯಲ್ಲಿದೆ.

ನಮ್ಮಲ್ಲೂ ಹೀಗೇ ಅಲ್ವಾ? ಸುಳ್ಳು ಅಂತ ಹೇಳೋಕೆ ನಾವು ಬಳಸೋ ಮಾತು ಯಾವುದು? ಅಡುಗೂಲಜ್ಜಿ ಕಥೆ.

ವಿಜ್ಞಾನಿಗಳು ಸುಮ್ಮನಿರಲಿಲ್ಲ, ಬೇರೆ ವಿವರಣೆಗಳೂ ಬಂದವು. ಖಡ್ಗಮೃಗದಷ್ಟು ದೊಡ್ಡ ಡಿಪ್ರೊಟೊಡಾನ್ ಎಂಬ ಪ್ರಾಣಿ ಸುಮಾರು 40,000 ವರ್ಷಗಳ ಹಿಂದೆ ಅಲ್ಲಿ ಅಳಿದುಹೋಯಿತು, ಅದರ ನೆನಪೇ ಇರಬಹುದು ಅಂತ 1871ರಲ್ಲೇ ಒಬ್ಬರು ಊಹೆ ಮಾಡಿದ್ದರು. ಸಮುದ್ರದ ಸೀಲ್‌ಗಳು ನದಿಯಲ್ಲಿ ಬಹಳ ದೂರ ಮೇಲಕ್ಕೆ ಈಜಿಕೊಂಡು ಬಂದದ್ದುಂಟು, ಅವೇ ಇರಬಹುದು ಅಂದರು. ಜೌಗಿನಲ್ಲಿ ರಾತ್ರಿ ಗುಂಯ್ ಅಂತ ಕೂಗುವ ಬಿಟರ್ನ್ ಎಂಬ ಹಕ್ಕಿಯ ದನಿ ಅಂದರು. ಆ ಹಕ್ಕಿಗೆ ಅಲ್ಲಿ ಬನ್ಯಿಪ್ ಹಕ್ಕಿ ಅಂತಲೇ ಹೆಸರು. ಯಾವುದೂ ಇರಬಹುದು. ಆದರೆ ನನಗನ್ನಿಸುತ್ತೆ, ಎಲ್ಲರೂ ಪ್ರಾಣಿ ಯಾವುದು ಅಂತ ಹುಡುಕಿದರೇ ಹೊರತು ಕಥೆ ಯಾಕೆ ಅಂತ ಕೇಳಿದವರು ಕಡಿಮೆ.

ಯಾಕೆ ಅನ್ನೋದಕ್ಕೆ ಉತ್ತರ ಆ ಮರ್ರೆ ಬ್ರಿಡ್ಜ್ ಇರುವ ಸೀಮೆಯಲ್ಲೇ ಇದೆ. ಅಲ್ಲಿನ ನದಿ, ಸರೋವರಗಳ ಮೂಲನಿವಾಸಿಗಳು ನ್ಗಾರಿಂಜೆರಿ ಜನ. ಅವರು ಈ ಜೀವಿಯನ್ನು ಕರೆಯೋದು ಮುಲ್ಯವೊಂಕ್ ಅಂತ. ಅದು ಇಬ್ಬರನ್ನು ಹಿಡಿಯುತ್ತೆ. ಒಂದು, ನೀರಿನ ಅಂಚಿಗೆ ಹೋಗುವ ಮಕ್ಕಳನ್ನ. ಎರಡನೆಯದು, ತನ್ನ ಪಾಲಿಗಿಂತ ಹೆಚ್ಚು ಮೀನು ಹಿಡಿಯುವವನನ್ನ.

ಈ ಎರಡನೆಯದನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬರ್ತೀನಿ.

ಕ್ಯಾನ್‌ಬೆರಾದಲ್ಲಿರುವ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ಬನ್ಯಿಪ್ ಬಗ್ಗೆ ಒಂದು ಸಂಚಾರಿ ಪ್ರದರ್ಶನವನ್ನೇ ಮಾಡಿತ್ತು. 2001ರಲ್ಲಿ ಇದೇ ವಿಷಯದ ಮೇಲೆ ಒಂದು ಪುಸ್ತಕವನ್ನೂ ತಂದಿತು. ದೇಶದ ಗ್ರಂಥಾಲಯ, ಅಂದರೆ ಸರ್ಕಾರದ ಸಂಸ್ಥೆ, ಒಂದು ಗುಮ್ಮನನ್ನು ಊರಿಂದ ಊರಿಗೆ ಕರೆದುಕೊಂಡು ಹೋಯಿತು! 1847ರಲ್ಲಿ ಬುರುಡೆ ಇಟ್ಟು ನೋಡಿ ಪ್ರಾಣಿ ಅಂದವರ ದೇಶ, ನೂರೈವತ್ತು ವರ್ಷ ಆದ ಮೇಲೆ ಕಥೆಯನ್ನೇ ಇಟ್ಟು ನೋಡಿ ಕಥೆ ಅಂದಿತು. ಅಲ್ಲಿನ ಮಕ್ಕಳ ಪುಸ್ತಕದಲ್ಲೂ ಬನ್ಯಿಪ್ ಇದೆ. 1973ರಲ್ಲಿ ಬಂದ ಜೆನ್ನಿ ವ್ಯಾಗ್ನರ್ ಅವರ ಪುಸ್ತಕದಲ್ಲಿ ಪಾಪದ ಬನ್ಯಿಪ್ ಒಂದು ನಾನು ಯಾರು ಅಂತ ಎಲ್ಲರನ್ನೂ ಕೇಳಿಕೊಂಡು ಹೋಗುತ್ತೆ. ವಿಜ್ಞಾನಿಯೊಬ್ಬ ತಲೆ ಎತ್ತಿಯೂ ನೋಡದೆ, ನೀನು ಇಲ್ಲವೇ ಇಲ್ಲ ಅಂದುಬಿಡ್ತಾನೆ.

ಆ ವಿಜ್ಞಾನಿಯ ಪಾರ್ಟನ್ನ ನಾನೂ ಮಾಡಿದ್ದೇನೆ. ಇಂಜಿನಿಯರಿಂಗ್ ಮೊದಲ ಸೆಮಿಸ್ಟರ್ ಮುಗಿಸಿ ಊರಿಗೆ ಹೋಗಿದ್ದೆ. ನಮ್ಮೂರು ಮಳವಳ್ಳಿ ಕಡೆ. ಹೊಳೆಗೆ ಹೊರಟೆ. ನಮ್ಮಜ್ಜಿ, "ಆ ಮಡುತಾವ್ಕೆ ಹೋಗ್ಬ್ಯಾಡ ಕಣ್ಲಾ ಮಗಾ, ಅಲ್ಲಿ ಇರೋದು ಸರಿಯಿಲ್ಲ, ಕಾಲಿಡ್ಕೊಂಡು ಎಳ್ಕತದೆ" ಅಂದಳು. ನಾನು ನಕ್ಕೆ. ಅಜ್ಜಿ, ಅದು ಬರೀ ನೀರು ಕಣಜ್ಜಿ ಅಂದೆ. ಫ್ಲೂಯಿಡ್ ಮೆಕ್ಯಾನಿಕ್ಸ್ ನಮಗೆ ಶುರುವಾಗಿದ್ದು ಆಮೇಲೆ. ಆ ಪಾಠ ಓದುವಾಗ ಗೊತ್ತಾಯ್ತು, ಕಾಲು ಹಿಡಿದು ಎಳೆಯುತ್ತೆ ಅಂತ ಅಜ್ಜಿ ಹೇಳಿದ್ದು ಪೂರ್ತಿ ನಿಜ, ಹಿಡಿಯೋದು ಯಾರು ಅನ್ನೋದಷ್ಟೇ ಬೇರೆ.

ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಹರಿಯುವ ನೀರಿನ ವೇಗ ಎರಡರಷ್ಟಾದರೆ ಅದು ನಿಮ್ಮನ್ನು ತಳ್ಳುವ ಬಲ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತೆ. ವೇಗ ಮೂರರಷ್ಟಾದರೆ ಬಲ ಒಂಬತ್ತರಷ್ಟು. ಹಾಗಾಗಿ ಮೊಣಕಾಲುದ್ದ ನೀರಲ್ಲಿ ಆರಾಮಾಗಿ ನಿಂತವನು ನಾಲ್ಕು ಹೆಜ್ಜೆ ಮುಂದೆ, ನೀರು ಸ್ವಲ್ಪ ಜೋರಾದ ಕಡೆ, ಇದ್ದಕ್ಕಿದ್ದ ಹಾಗೆ ಕಾಲು ಕಳೆದುಕೊಳ್ತಾನೆ. ಇನ್ನು ಬಂಡೆ ಇರುವ ಹೊಳೆ. ಕಾವೇರಿ ಮಳವಳ್ಳಿ ತಾಲ್ಲೂಕಿನಲ್ಲಿ ಹರಿಯೋದು ಬಂಡೆಗಳ ಮೇಲೆ. ಗಗನಚುಕ್ಕಿಯಲ್ಲಿ ಧುಮುಕಿ, ಕಾಡಿನ ನಡುವೆ ಮುತ್ತತ್ತಿ ಕಡೆಗೆ ಹೋಗುತ್ತೆ. ಬಂಡೆಯ ಸಣ್ಣ ಗುಂಡಿಗಳಲ್ಲಿ ಬೆಣಚುಕಲ್ಲು ಸಿಕ್ಕಿಕೊಂಡು, ನೀರಿನ ಜೊತೆ ಗಿರಗಿರ ತಿರುಗಿ, ಸಾವಿರಾರು ವರ್ಷಗಳಲ್ಲಿ ಬಂಡೆಯನ್ನು ಒರಳಿನ ಹಾಗೆ ಕೊರೆದಿರುತ್ತೆ. ಮೇಲೆ ನೋಡಿದರೆ ನೀರು ಶಾಂತ. ಒಳಗೆ ಆಳು ಮುಳುಗುವ ಕುಳಿ, ಕುಳಿಯೊಳಗೆ ಸುಳಿ. ಈಜು ಬರುವವನೂ ಅಲ್ಲಿ ಉಸಿರು ಕಟ್ಟುವವರೆಗೆ ಸುತ್ತುತ್ತಾನೆ.

ಮುತ್ತತ್ತಿಯ ಕಥೆ ನಿಮಗೆ ಗೊತ್ತಿರುತ್ತೆ. ಸೀತಮ್ಮ ಸ್ನಾನ ಮಾಡುವಾಗ ಮೂಗುತಿಯ ಮುತ್ತು ಹೊಳೆಗೆ ಬಿತ್ತು, ಹನುಮಂತ ಬಾಲ ಬಿಟ್ಟು ಅದನ್ನು ಎತ್ತಿಕೊಟ್ಟ, ಅದಕ್ಕೇ ಅವನು ಮುತ್ತೆತ್ತರಾಯ. ಭಕ್ತಿ ಇರುವವರು ಕೈ ಮುಗಿಯಲಿ. ನಾನು ಕೇಳೋದು ಬೇರೆ. ಸೀತೆಯಂಥವಳ ಕೈಗೇ ಸಿಗದ್ದು, ಹನುಮಂತನೇ ಬಂದು ಬಾಲ ಬಿಟ್ಟು ತೆಗೆಯಬೇಕಾದ ನೀರು ಅಂತ ಆ ಜಾಗದ ಬಗ್ಗೆಯೇ ಯಾಕೆ ಕಥೆ ಕಟ್ಟಿದರು? ಅಲ್ಲಿ ಬಿದ್ದದ್ದು ಮೇಲೆ ಬರಲ್ಲ ಅನ್ನೋದು ಆ ಜನಕ್ಕೆ ಗೊತ್ತಿತ್ತು. ಇವತ್ತು ಅದೇ ಜಾಗಕ್ಕೆ ಬೆಂಗಳೂರಿನಿಂದ ಬೈಕ್‌ಗಳಲ್ಲಿ ಹುಡುಗರು ಬರ್ತಾರೆ. ಅವರಿಗೆ ಕಥೆಯೂ ಗೊತ್ತಿಲ್ಲ, ಕುಳಿಯೂ ಗೊತ್ತಿಲ್ಲ. ಪ್ರತಿ ವರ್ಷ ನಾವು ಸುದ್ದಿ ಓದ್ತೀವಿ. ಒಬ್ಬ ಮುಳುಗಿದ, ಅವನನ್ನು ಉಳಿಸೋಕೆ ಇನ್ನೊಬ್ಬ ಹಾರಿದ, ಅವನ ಹಿಂದೆ ಮತ್ತೊಬ್ಬ. ಮುಳುಗುವವನ ಕಡೆಗೆ ಹಗ್ಗವನ್ನೋ ಪಂಚೆಯನ್ನೋ ಖಾಲಿ ಕ್ಯಾನನ್ನೋ ಎಸೆಯಬೇಕು, ಹಾರಬಾರದು ಅನ್ನೋ ಒಂದು ಸಾಲನ್ನ ಆ ಸುದ್ದಿಯ ಕೊನೆಯಲ್ಲಿ ಸೇರಿಸೋಕೆ ನಮಗೆ ಐದು ಸೆಕೆಂಡ್ ಸಾಕು. ಸೇರಿಸಿಲ್ಲ.

ಸೇರಿಸಿದ್ದು ಏನು ಗೊತ್ತಾ? ಸುಳಿಯ ಸುತ್ತ ಕೆಂಪು ವೃತ್ತ, ಹಿಂದೆ ಭಯಾನಕ ಮ್ಯೂಸಿಕ್, ಇಲ್ಲಿರೋದು ಯಾವ ಶಕ್ತಿ ಅನ್ನೋ ಪ್ರಶ್ನೆ. ಅಂಥ ಅರ್ಧ ಗಂಟೆಯ ಕಾರ್ಯಕ್ರಮ ನಾನೇ ಓದಿದ್ದೇನೆ. ಸಿಡ್ನಿಯ ಬುರುಡೆ ಪ್ರದರ್ಶನಕ್ಕೂ ಅದಕ್ಕೂ ವ್ಯತ್ಯಾಸ ಇರಲಿಲ್ಲ.

ಇನ್ನು ನಾಲೆ. ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ನೀರು ಕೊಟ್ಟದ್ದು ವಿಶ್ವೇಶ್ವರಯ್ಯ ನಾಲೆ, ಹಿಂದಿನ ಹೆಸರು ಇರ್ವಿನ್ ನಾಲೆ. ಕಬ್ಬು, ಭತ್ತ, 1933ರ ಸಕ್ಕರೆ ಕಾರ್ಖಾನೆ, ನನ್ನಂಥವರ ಕಾಲೇಜ್ ಫೀಸು, ಎಲ್ಲ ಆ ನೀರಿನಿಂದ. ಆದರೆ ಹೊಳೆಗೆ ಇದ್ದ ಅಜ್ಜಿ ಕಥೆ ನಾಲೆಗೆ ಇಲ್ಲ. ಅದು ಹೊಸದು, ಸರ್ಕಾರದ್ದು, ಇಂಜಿನಿಯರ್ ಕಟ್ಟಿದ್ದು. ಅಲ್ಲಿ ಯಾವ ದೆವ್ವವೂ ಇಲ್ಲ ಅಂದುಕೊಂಡೆವು. ಹೊಳೆಯಲ್ಲಾದರೆ ದಡ ಇರುತ್ತೆ, ಬೇರು ಇರುತ್ತೆ, ಹಿಡ್ಕೊಳ್ಳೋಕೆ ಕಲ್ಲು ಇರುತ್ತೆ. ಲೈನಿಂಗ್ ಮಾಡಿದ ನಾಲೆಯ ಎರಡೂ ಬದಿ ಇಳಿಜಾರು, ಮೇಲೆ ಪಾಚಿ. ನೀರು ವೇಗವಾಗಿ ಹೋಗಲಿ ಅಂತಲೇ ಅದನ್ನು ನುಣುಪು ಮಾಡಿರ್ತಾರೆ. ಬಟ್ಟೆ ಒಗೆಯಲು ಹೋದ ತಾಯಿ ಜಾರಿದರೆ ಕೈಗೆ ಏನೂ ಸಿಗಲ್ಲ.

2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ಇದೇ ವಿ.ಸಿ. ನಾಲೆಗೆ ಬಿತ್ತು. 30 ಜನ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳು ಅದರಲ್ಲಿದ್ದರು. ಮಧ್ಯಾಹ್ನದಿಂದ ಎಲ್ಲ ಚಾನೆಲ್‌ಗಳೂ ಅಲ್ಲೇ ಇದ್ದವು. ಅದೇ ರಾತ್ರಿ ಅಂಬರೀಶ್ ತೀರಿಕೊಂಡರು. ಮಂಡ್ಯಕ್ಕೆ ಅಂಬರೀಶ್ ಏನಾಗಿದ್ದರು ಅಂತ ನಾನು ಹೇಳಬೇಕಾಗಿಲ್ಲ. ಮರುದಿನ ಅವರ ಪಾರ್ಥಿವ ಶರೀರ ಮಂಡ್ಯಕ್ಕೆ ಬಂತು, ಇಡೀ ಜಿಲ್ಲೆ ಅತ್ತಿತು, ನಾವೂ ಅದನ್ನೇ ತೋರಿಸಿದೆವು. ತಪ್ಪು ಅನ್ನಲಾರೆ. ಆದರೆ ನಾಲೆ ಪಕ್ಕ ತಡೆಗೋಡೆ ಯಾಕಿಲ್ಲ ಅನ್ನೋ ಪ್ರಶ್ನೆಯನ್ನ ನಾವು ಶನಿವಾರ ಸಂಜೆ ಕೇಳೋಕೆ ಶುರು ಮಾಡಿದ್ದೆವು, ಭಾನುವಾರ ಬೆಳಗ್ಗೆ ಕೇಳೋರಿರಲಿಲ್ಲ. 2023ರಲ್ಲೂ ಕಾರುಗಳು ಅದೇ ನಾಲೆಗೆ ಬಿದ್ದು ಜನ ಸತ್ತರು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು, ಇಲ್ಲಾಂದ್ರೆ ನಾಳೆ ಯಾರಾದರೂ ಈ ಆಂಕರ್ ಮೂಢನಂಬಿಕೆ ಹಂಚ್ತಾನೆ ಅಂತ ಕ್ಲಿಪ್ ಮಾಡ್ತಾರೆ. ಗಂಗಮ್ಮ ವರ್ಷಕ್ಕೆ ಇಷ್ಟು ಬಲಿ ಕೇಳ್ತಾಳೆ ಅನ್ನೋ ಮಾತಿದೆ ನೋಡಿ, ಅದನ್ನ ನಾನು ಒಪ್ಪಲ್ಲ. ಆ ಮಾತಿನಿಂದ ಲಾಭ ಆಗೋದು ಗಂಗಮ್ಮನಿಗಲ್ಲ, ತಡೆಗೋಡೆ ಕಟ್ಟದವನಿಗೆ. ಮಗುವಿಗೆ ಗುಮ್ಮನ ಕಥೆ ಸಾಕು. ಇಲಾಖೆಗೆ ಸಾಕಾಗಲ್ಲ, ಅದಕ್ಕೆ ಬೇಕಾದ್ದು ಎಸ್ಟಿಮೇಟು, ಟೆಂಡರು, ಗಡುವು.

ಈಗ ಮುಲ್ಯವೊಂಕ್‌ನ ಎರಡನೇ ಕೆಲಸಕ್ಕೆ ಬರ್ತೀನಿ. ಪಾಲಿಗಿಂತ ಹೆಚ್ಚು ತೆಗೆಯುವವನನ್ನು ಅದು ಹಿಡಿಯುತ್ತೆ ಅಂದೆನಲ್ಲ. ನಮ್ಮ ಹೊಳೆಯಿಂದ ಪಾಲಿಗಿಂತ ಹೆಚ್ಚು ಹೋಗ್ತಿರೋದು ಮೀನಲ್ಲ, ಮರಳು. ಕಾವೇರಿ ಇರಲಿ, ಮದ್ದೂರಿನ ಶಿಂಷಾ ಇರಲಿ, ರಾತ್ರಿ ಲಾರಿ ನಿಂತ ಕಡೆ ಹೊಳೆಯ ತಳದಲ್ಲಿ ಗುಂಡಿ ಬೀಳುತ್ತೆ. ಮಳೆ ಬಂದು ನೀರು ತುಂಬಿದರೆ ಗುಂಡಿ ಕಾಣಲ್ಲ. ಅಜ್ಜಿಗೆ ತನ್ನ ಹೊಳೆಯ ಮಡು ಎಲ್ಲೆಲ್ಲಿದೆ ಅಂತ ಗೊತ್ತಿತ್ತು, ಯಾಕಂದರೆ ಮಡು ಜಾಗ ಬದಲಾಯಿಸ್ತಿರಲಿಲ್ಲ. ಮರಳು ತೆಗೆದ ಗುಂಡಿ ಹೋದ ವಾರ ಇರಲಿಲ್ಲ, ಈ ವಾರ ಇದೆ. ಆ ಗುಂಡಿಯ ಬಗ್ಗೆ ಯಾವ ಅಜ್ಜಿಯೂ ಎಚ್ಚರ ಹೇಳಲಾರಳು. ಮೊಣಕಾಲುದ್ದ ನೀರು ಅಂತ ನಡೆಯುವ ಹುಡುಗ ಮುಂದಿನ ಹೆಜ್ಜೆಗೆ ತಲೆ ಮುಳುಗುವಷ್ಟು ಕೆಳಗೆ ಹೋಗ್ತಾನೆ. ತೆಗೆದವನೊಬ್ಬ, ಮುಳುಗುವವನು ಇನ್ನೊಬ್ಬ. ನ್ಗಾರಿಂಜೆರಿ ಜನರ ಕಥೆಯಲ್ಲಾದರೆ ಕನಿಷ್ಠ ತೆಗೆದವನೇ ಸಿಕ್ಕಿಬೀಳ್ತಿದ್ದ.

ನಮಗೂ ಒಂದು ಸಂಚಾರಿ ಪ್ರದರ್ಶನ ಬೇಕು ಅನ್ನೋದು ನನ್ನ ಆಸೆ. ಹೊಸದಾಗಿ ಏನೂ ಕಟ್ಟಬೇಕಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹಳ್ಳಿ ಶಾಲೆಗಳಿಗೆ ಹೋಗುವ ವಿಜ್ಞಾನ ಪ್ರದರ್ಶನದ ಬಸ್ ಇದೆ. ದೇಶದಲ್ಲಿ ಇಂಥ ಬಸ್ ಮೊದಲು ಶುರುವಾಗಿದ್ದು 1965ರಲ್ಲಿ ಕೋಲ್ಕತ್ತಾದಿಂದ. ಅಂಥದ್ದೊಂದು ಬಸ್ಸಿನಲ್ಲಿ ಹೊಸಹೊಳಲಿನ ಮಕರದ ಫೋಟೋ ಇರಲಿ, ಮುತ್ತೆತ್ತರಾಯನ ಕಥೆ ಇರಲಿ, ಪಕ್ಕದಲ್ಲೇ ಗಾಜಿನ ತೊಟ್ಟಿಯಲ್ಲಿ ಸುಳಿ ಹೇಗೆ ಹುಟ್ಟುತ್ತೆ ಅಂತ ತೋರಿಸಲಿ. ಕ್ಯೂಸೆಕ್ ಅಂದರೆ ಏನು ಅಂತ ಹೇಳಲಿ. ಮಂಡ್ಯದಲ್ಲಿ ಆ ಪದ ಕೇಳದ ಮಗು ಇಲ್ಲ. ಆದರೆ ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್, ಹೊಳೆಗೆ ಹತ್ತು ಸಾವಿರ ಕ್ಯೂಸೆಕ್ ಬಿಟ್ಟರು ಅಂದರೆ ಸೆಕೆಂಡಿಗೆ ಎರಡು ಲಕ್ಷ ಎಂಬತ್ತು ಸಾವಿರ ಲೀಟರ್, ಅದು ಇಲ್ಲಿಗೆ ಬರೋಕೆ ಕೆಲವು ಗಂಟೆ ಬೇಕು, ಬರುವಾಗ ಹಾರ್ನ್ ಹೊಡೆಯಲ್ಲ ಅನ್ನೋದನ್ನ ಯಾರೂ ಹೇಳಿಕೊಟ್ಟಿಲ್ಲ. ಕಟ್ಟೆ ಭರ್ತಿಯಾಯ್ತು, 124.80 ಅಡಿ ಅಂತ ನಾವು ಸ್ಕ್ರೀನ್ ತುಂಬ ಹೂ ಹಾಕ್ತೀವಿ. ಕೆಳಗೆ ಬಂಡೆ ಮೇಲೆ ಕೂತವನಿಗೆ ಆ ಹೂವಿನಿಂದ ಪ್ರಯೋಜನ ಇಲ್ಲ.

ಪದಗಳನ್ನೂ ಇಡಬೇಕು ಆ ಬಸ್ಸಿನಲ್ಲಿ. ಮಡು, ಸುಳಿ, ಸೆಳವು. ಆಳವಾಗಿ ನಿಂತ ನೀರು ಮಡು. ತಿರುಗುವ ನೀರು ಸುಳಿ. ಮೇಲೆ ಕಾಣದೆ ಎಳೆಯುವ ನೀರು ಸೆಳವು. ಮೂರಕ್ಕೂ ಬೇರೆ ಬೇರೆ ಪದ ಇಟ್ಟ ಜನ, ಮೂರರಲ್ಲೂ ಯಾರನ್ನಾದರೂ ಕಳೆದುಕೊಂಡಿರಬೇಕು.

ಯುಗಾದಿಗೆ ಊರಿಗೆ ಹೋಗಿದ್ದೆ. ಅಜ್ಜಿ ಈಗಿಲ್ಲ. ಅಕ್ಕನ ಮಗ ಬಂದಿದ್ದ, ಬೆಂಗಳೂರಿನಲ್ಲಿ ಐದನೇ ಕ್ಲಾಸು. ಮಡು ಅಂದ್ರೇನು ಹೇಳೋ ಅಂದೆ. ಸ್ವಲ್ಪ ಯೋಚಿಸಿ, "ಜೇನುತುಪ್ಪ ಅಲ್ವಾ ಮಾವ?" ಅಂದ. ಸಂಜೆ ಹೊಳೆಗೆ ಕರೆದುಕೊಂಡು ಹೋದೆ. ಅಜ್ಜಿ ಹೇಳ್ತಿದ್ದ ಜಾಗದಿಂದ ದೂರ, ಎತ್ತರದ ಬಂಡೆ ಮೇಲೆ ನಿಂತು ಒಂದು ಒಣಗಿದ ಕೊಂಬೆ ಎಸೆದೆ. ಅದು ತೇಲಿಕೊಂಡು ನೆಟ್ಟಗೆ ಹೋಯಿತು, ನಡುವೆ ಎಲ್ಲೋ ನಿಂತ ಹಾಗಾಯಿತು, ಮೆಲ್ಲಗೆ ಎರಡು ಸುತ್ತು ಸುತ್ತಿತು, ಆಮೇಲೆ ಒಂದು ತುದಿ ಮೇಲೆದ್ದು ಕಾಣದಾಯಿತು. ಹುಡುಗ ಕಾಯ್ದ. ಮೇಲೆ ಬರಲಿಲ್ಲ.

"ಒಳಗೆ ಏನಿದೆ ಮಾವ?" ಅಂತ ಕೇಳಿ, ನಾನು ಉತ್ತರ ಹೇಳುವ ಮೊದಲೇ ಎರಡು ಹೆಜ್ಜೆ ಹಿಂದಕ್ಕೆ ಬಂದ.